ಸೀಟಕ್ಕನ ಬೈಕು

ಹದಿನೆಂಟು ವರ್ಷಗಳಿಂದ ಬೈಕಿನ ಸೀಟು ಹೊಲಿಯುತ್ತ ಬಂದಿದ್ದ ಹೆಂಗಸು ಒಂದು ದಿನವೂ ಬೈಕು ಓಡಿಸಿರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ನಂಬಿಸುವ ಪ್ರಸಂಗವೂ ಬಂದಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಅವಳು ಸೀಟಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಆದರೆ ಅದನ್ನು ಹಿಡಿದು ಕೂಗಿದರೆ ಅವಳೇ ಎರಡು ಸಲ ಯೋಚಿಸಿ ತಿರುಗಿ ನೋಡುತ್ತಿದ್ದಳು.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಒಂದೇ ಕೋಣೆ. ಒಂದು ಗೋಡೆಗೆ ರೆಕ್ಸಿನ್ ಸುರುಳಿಗಳು, ಇನ್ನೊಂದಕ್ಕೆ ಒರಗಿ ನಿಂತ ಫೋಮು, ನಡುವೆ ದಪ್ಪ ಸೂಜಿಯ ಹೊಲಿಗೆ ಯಂತ್ರ. ಬಾಗಿಲ ಬಳಿ ಗಿರಾಕಿಗಳು ಕೂರಲು ಬೆಂಚು. ಅದೂ ಯಾವುದೋ ಮುದಿ ಬೈಕಿನಿಂದ ಕಿತ್ತ ಸೀಟನ್ನು ಪೆಟ್ಟಿಗೆಗೆ ಜಡಿದು ಮಾಡಿದ್ದು.

ಸೀಟು ಕೈಗೆ ಬಂದರೆ ಸಾಕು, ಸವಾರನ ಜಾತಕವನ್ನೇ ಬಿಚ್ಚಿಡುತ್ತಿದ್ದಳು. ಮುಂದಿನ ತುದಿ ಕುಗ್ಗಿದ್ದರೆ ಗಳಿಗೆಗೊಮ್ಮೆ ಬ್ರೇಕು ಒತ್ತುವ ಅವಸರದ ಮನುಷ್ಯ. ಎಡಗಡೆ ಮಾತ್ರ ಸವೆದಿದ್ದರೆ ಕಿಸೆಯಲ್ಲಿ ದಪ್ಪ ಪರ್ಸು ಇಟ್ಟುಕೊಂಡು ಕೂರುವವನು. ಸೀಟಿನ ನಡುವೆ ನಾಲ್ಕು ಬೆರಳಿನಷ್ಟು ಫೋಮು ಹೊಸದರ ಹಾಗೆಯೇ ಉಬ್ಬಿಕೊಂಡಿದ್ದರೆ ಗಂಡಹೆಂಡಿರ ನಡುವೆ ಮಾತುಕತೆ ಅಷ್ಟಕ್ಕಷ್ಟೆ. "ಮನೇಲಿ ಜಗಳ ಮುಗೀತಾ?" ಎಂದು ಅವಳು ಸೀಟು ಒತ್ತುತ್ತಲೇ ಕೇಳಿದರೆ ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು.

ಅವಳ ಗಂಡ ಬಸ್ಸಿನ ಡ್ರೈವರು. ಇಪ್ಪತ್ತಾರು ವರ್ಷದ ಅನುಭವ, ಒಂದೂ ಅಪಘಾತವಿಲ್ಲ, ನಿಯಮ ಎಂದರೆ ಪ್ರಾಣ. ಮನೆಯಲ್ಲಿ ಅಡುಗೆಮನೆಯಿಂದ ಹಜಾರಕ್ಕೆ ಬರುವಾಗಲೂ ಎಡಗಡೆಯಿಂದಲೇ ಬರುತ್ತಾನೆ ಎಂದು ಅವನ ಅಮ್ಮ ಹಾಸ್ಯ ಮಾಡುತ್ತಿದ್ದರು. ಈ ನಿಯಮದ ಹುಚ್ಚೇ ಒಂದು ದಿನ ಸೀಟಕ್ಕನ ತಲೆಯಲ್ಲಿ ಬೈಕಿನ ಹುಳ ಬಿಟ್ಟಿತು.

ಅವತ್ತು ಗೋದಾಮಿನವರ ಗಾಡಿ ಕೆಟ್ಟಿತ್ತು. ಫೋಮು ಬರಲಿಲ್ಲ. ಅಂಗಡಿಯಲ್ಲಿ ಏಳು ಬೋಳು ಸೀಟುಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಸೀಟಕ್ಕ ತಾನೇ ಗೋದಾಮಿಗೆ ಹೋಗಿ, ಆಳೆತ್ತರದ ಫೋಮಿನ ಸುರುಳಿಗೆ ದಾರ ಬಿಗಿದು, ಅದನ್ನು ತಬ್ಬಿಕೊಂಡು ಬಸ್ಸು ಹತ್ತಿದಳು. ಅದು ಗಂಡನದೇ ಬಸ್ಸು. ಎರಡು ಸ್ಟಾಪು ಎಲ್ಲ ಸುಸೂತ್ರ. ಮೂರನೆಯ ಸ್ಟಾಪಿನ ಹತ್ತಿರ ದಾರ ಪಟ್ಟನೆ ಹರಿಯಿತು. ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದ ಫೋಮು ಒಮ್ಮೆಲೇ ಬಿಚ್ಚಿಕೊಂಡು ಬಸ್ಸಿನ ನಡುವೆ ಹಾಸಿಕೊಂಡಿತು. ಒಬ್ಬರು ಮುದುಕರ ಕನ್ನಡಕ ಹಾರಿತು. ಇಬ್ಬರು ಕಾಲೇಜು ಹುಡುಗಿಯರು ಹಿಂದಿನ ಬಾಗಿಲವರೆಗೆ ಸರಿದುಹೋದರು.

ಡ್ರೈವರು ಕನ್ನಡಿಯಲ್ಲಿ ನೋಡಿದ. "ಯಾರದ್ರೀ ಅದು ಲಗೇಜು?"

"ನಿಮ್ಮ ಮನೇದೇ," ಅಂದಳು ಸೀಟಕ್ಕ ಫೋಮಿನ ಹಿಂದಿನಿಂದ.

ಬಸ್ಸೆಲ್ಲ ಗೊಳ್ಳೆಂದಿತು. ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ದಾರಿಗೆ ಅಡ್ಡ ಬರೋ ಲಗೇಜು ಇಳೀಬೇಕು. ನಿಯಮ," ಎಂದು ಬಸ್ಸು ನಿಲ್ಲಿಸಿದ. ಲಗೇಜು ತಾನಾಗಿ ಇಳಿಯುತ್ತದೆಯೇ? ಅದರೊಂದಿಗೆ ಅವನ ಹೆಂಡತಿಯೂ ಇಳಿದಳು.

ಅಲ್ಲಿಂದ ಅಂಗಡಿಗೆ ನಡೆದರೆ ಮುಕ್ಕಾಲು ಗಂಟೆ. ಬಿಸಿಲು ನೆತ್ತಿಗೆ ಬಂದಿತ್ತು. ಸೀಟಕ್ಕ ಫೋಮನ್ನು ಮತ್ತೆ ಸುತ್ತಿ, ತಲೆಯ ಮೇಲಿಟ್ಟುಕೊಂಡು ಹೊರಟಳು. ಪಕ್ಕದಲ್ಲಿ ಬೈಕುಗಳು ಸುಯ್ಯೆಂದು ದಾಟುತ್ತಿದ್ದವು. ಆ ಕೆಂಪು ಅಂಚಿನ ಸೀಟು ಹೋದ ತಿಂಗಳು ಮಾಡಿದ್ದು. ಈ ಚೌಕಳಿ ಹೊಲಿಗೆಯದು ಹೋಟೆಲಿನವನದು. ಒಂದೊಂದು ಬೈಕು ಹೋದಾಗಲೂ ಅವಳ ಹೊಲಿಗೆಯೇ ಅವಳನ್ನು ಹಿಂದೆ ಹಾಕಿ ಹೋಗುತ್ತಿತ್ತು. ಊರಿಗೆಲ್ಲ ಕೂರಲು ಮೆತ್ತೆ ಮಾಡಿಕೊಟ್ಟು ತಾನು ಮಾತ್ರ ನಡೆಯುವುದು ಯಾವ ನ್ಯಾಯ? ಓಣಿ ಮುಟ್ಟುವಷ್ಟರಲ್ಲಿ ಅವಳ ನಿರ್ಧಾರ ಗಟ್ಟಿಯಾಗಿತ್ತು.

ಸಂಜೆ ಊಟಕ್ಕೆ ಕೂತಾಗ ಹೇಳಿದಳು. "ನಾನು ಬೈಕು ತಗೋತೀನಿ."

ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. "ಸ್ಕೂಟರು ಅನ್ನು."

"ಬೈಕು. ಗೇರಿರೋದು. ಸ್ಕೂಟರಿನ ಸಣ್ಣ ಚಕ್ರ ನಮ್ಮ ಓಣಿ ಗುಂಡಿಗೆ ಇಳಿದ್ರೆ ಹತ್ತಲ್ಲ. ಅಲ್ಲದೆ, ನಂಗೆ ಬೈಕೇ ಇಷ್ಟ."

"ಈ ವಯಸ್ಸಲ್ಲಾ?"

"ನಲವತ್ತಮೂರು ಒಂದು ವಯಸ್ಸೇನ್ರೀ? ನಿಮ್ಮ ಬಸ್ಸಿಗಿಂತ ನಾನೇ ಗಟ್ಟಿಯಾಗಿದೀನಿ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಅಮ್ಮ ನೀರಿನ ಲೋಟ ಕೆಳಗಿಟ್ಟರು. ಅವರಿಗೆ ಎಪ್ಪತ್ತು. ಮಾತು ಕಡಿಮೆಯಲ್ಲ, ಆದರೆ ಗುರಿ ತಪ್ಪುತ್ತಿರಲಿಲ್ಲ. "ಕಟ್ಕೊಂಡ ಹೆಂಡತೀನ ನಡುದಾರೀಲಿ ಇಳಿಸಿದೋನಿಗೆ ಈ ಮನೇಲಿ ಆರು ತಿಂಗಳು ಬಾಯಿಲ್ಲ. ನೀನು ತಗೋ ಮಗಳೇ. ಒಂದೇ ಒಂದು ಷರತ್ತು. ಹಿಂದಿನ ಸೀಟು ನಂದು."

ಸೀಟಕ್ಕನ ಅಂಗಡಿಯ ಎದುರಿಗೆ ಮೇಸ್ತ್ರಿಯ ಗ್ಯಾರೇಜು. ಅರವತ್ತು ದಾಟಿದ ಮನುಷ್ಯ, ಬೆರಳ ಸಂದಿಯ ಗ್ರೀಸು ಈಗ ಚರ್ಮದ ಬಣ್ಣವೇ ಆಗಿತ್ತು. ಮರುದಿನ ಅವನಿಗೆ ವಿಷಯ ಹೇಳಿದಾಗ ಅವನು ಸ್ಪಾನರು ಒರೆಸುತ್ತ ಕೇಳಿದ, "ಯಾವ ಬೈಕು ಅಂತ ಮನಸ್ಸಲ್ಲಿದೆಯಾ ತಾಯಿ?"

"ಇದೆ. ದೊಡ್ಡ ರಸ್ತೆಯ ಷೋರೂಮಿನ ಗಾಜಿನೊಳಗೆ ನಿಂತಿದೆಯಲ್ಲ, ಕರೀದು, ಕಂದು ಸೀಟಿಂದು."

ಮೇಸ್ತ್ರಿ ಸ್ಪಾನರು ಒರೆಸುವುದನ್ನು ನಿಲ್ಲಿಸಿದ. "ಎಷ್ಟು ತೂಕ ಇದೆ ಗೊತ್ತಾ?"

"ಸೀಟು ಮೂರು ಕೆಜಿ ಬರಬಹುದು."

"ಹೋಗಿ ನೋಡ್ಕೊಂಡು ಬಾ," ಅಂದ ಮೇಸ್ತ್ರಿ.

ಅತ್ತೆ ಸೊಸೆ ಇಬ್ಬರೂ ಹೋದರು. ಷೋರೂಮಿನಲ್ಲಿ ಟೈ ಕಟ್ಟಿಕೊಂಡಿದ್ದ ಮಾರಾಟಗಾರ "ಸರ್ ಬಂದಿಲ್ವಾ ಮೇಡಂ?" ಎಂದು ಕೇಳಿದ. "ಸರ್ ಬಸ್ಸಲ್ಲಿದ್ದಾರೆ," ಎಂದು ಅತ್ತೆ ಮುಂದೆ ನಡೆದರು. ಕರಿಯ ಬೈಕು ದೀಪದ ಕೆಳಗೆ ಮದುಮಗನ ಹಾಗೆ ಮಿಂಚುತ್ತಿತ್ತು. ಸೀಟಕ್ಕ ಮೊದಲು ಸೀಟಿನ ಹೊಲಿಗೆ ಮುಟ್ಟಿದಳು. ಜೋಡಿ ಸೂಜಿ, ಒಂದು ಗೆರೆಯೂ ಓರೆಯಾಗಿಲ್ಲ. ಅವಳಿಗೆ ಮೈ ಜುಮ್ಮೆಂದಿತು. ಎಂಜಿನ್ನು, ಮೈಲೇಜು, ವಾರಂಟಿ ಎಂದು ಮಾರಾಟಗಾರ ಹೇಳುತ್ತಿದ್ದುದು ಅವಳ ಕಿವಿಗೆ ಬೀಳಲೇ ಇಲ್ಲ. ಪ್ರೀತಿ ಕುರುಡು ಅನ್ನುತ್ತಾರೆ, ಕಿವುಡೂ ಹೌದು.

"ಕೂತು ನೋಡಿ ಮೇಡಂ."

ಅವಳು ಕೂತಳು. ಹಿಂದೆಯೇ ಅತ್ತೆಯೂ ಯಾರನ್ನೂ ಕೇಳದೆ ಹತ್ತಿ ಕೂತು, "ಹಾಂ, ಹೋಗೋಣ," ಅಂದರು. ಸೀಟಕ್ಕ ಹ್ಯಾಂಡಲು ಹಿಡಿದು ಬೈಕನ್ನು ಸ್ಟ್ಯಾಂಡಿನಿಂದ ನೆಟ್ಟಗೆ ಮಾಡಿದಳು. ಆಗ ಗೊತ್ತಾಯಿತು, ನೆಲಕ್ಕೆ ತಾಗಿದ್ದು ಹೆಬ್ಬೆರಳು ಮಾತ್ರ ಎಂದು. ಬೈಕು ಬಲಕ್ಕೆ ಕೊಂಚ ವಾಲಿತು. ಅವಳು ಬಲ ಹಾಕಿದಳು. ಅದು ಇನ್ನೂ ಕೊಂಚ ವಾಲಿತು. ಮೇಯ್ದು ಬಂದ ಎಮ್ಮೆ ಮಲಗಬೇಕೆಂದು ಮನಸ್ಸು ಮಾಡಿದ ಮೇಲೆ ಯಾರು ತಡೆದಾರು? ಕರಿಯ ಬೈಕು ಯಾವ ಅವಸರವೂ ಇಲ್ಲದೆ, ಮಾರಾಟಗಾರನ ಮೇಜಿನ ಪಕ್ಕದ ಹೂಕುಂಡದ ಮೇಲೆ ಒರಗಿಕೊಂಡಿತು. ಅತ್ತೆ ಸ್ಟಾಪು ಬಂತೇನೋ ಎಂಬಂತೆ ಸಲೀಸಾಗಿ ಇಳಿದು ನಿಂತರು. ಸೀಟಕ್ಕ ಮಾತ್ರ ಹ್ಯಾಂಡಲು ಬಿಡದೆ ಗಿಡದ ಎಲೆಗಳ ನಡುವಿನಿಂದ, "ಏನೂ ಆಗಿಲ್ಲ, ಏನೂ ಆಗಿಲ್ಲ," ಅನ್ನುತ್ತಿದ್ದಳು.

ಎತ್ತಿ ನಿಲ್ಲಿಸಲು ಮೂವರು ಬೇಕಾದರು. ಬೈಕಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಕುಂಡ ಎರಡು ಹೋಳು. ಸೀಟಕ್ಕ ಮರುದಿನವೇ ಹೊಸ ಕುಂಡ ತಂದುಕೊಟ್ಟಳು, ಆದರೆ ಒಳಗೆ ಹೋಗಿ ಆ ಬೈಕಿನ ಮುಖ ನೋಡುವ ಧೈರ್ಯವಾಗದೆ ಕಾವಲುಗಾರನ ಕೈಯಲ್ಲೇ ಇಟ್ಟು ಬಂದಳು.

"ಈಗ ತೂಕ ಗೊತ್ತಾಯ್ತಾ?" ಎಂದು ಮೇಸ್ತ್ರಿ ಕೇಳಿದ.

"ನಂಗೆ ಬೈಕೇ ಬೇಡ ಮೇಸ್ತ್ರಿ. ಊರೆಲ್ಲ ನಗ್ತಾರೆ."

"ಬೇಡ ಅನ್ನೋಕೆ ನೀನಿನ್ನೂ ಬೈಕು ಓಡಿಸೇ ಇಲ್ವಲ್ಲ. ಮದುವೇನೇ ಆಗದೆ ಸೋಡಚೀಟಿ ಕೇಳಿದ ಹಾಗಾಯ್ತು. ಮೊದಲು ಕಲಿ. ಕಲಿತ ಮೇಲೆ ಯಾವುದು ಬೇಕು ಅಂತ ನಿನ್ನ ಕೈಕಾಲೇ ಹೇಳ್ತವೆ. ಕಣ್ಣನ್ನ ಕೇಳಬೇಡ, ಅದಕ್ಕೆ ತೂಕ ಗೊತ್ತಾಗಲ್ಲ."

ಕಲಿಕೆಯ ಲೈಸೆನ್ಸು ಬಂದ ಮೇಲೆ ಹಿಟ್ಟಿನ ಗಿರಣಿಯ ಹಿಂದಿನ ಬಯಲಿನಲ್ಲಿ, ಬೆಳಗಿನ ಹೊತ್ತು, ಮೇಸ್ತ್ರಿಯ ಹಳೆಯ ಬೈಕಿನ ಮೇಲೆ ಪಾಠ ಶುರುವಾಯಿತು. ಮೊದಲ ದಿನ ಅವನು ಬೈಕನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, "ಎತ್ತು," ಅಂದ. ಸೀಟಕ್ಕ ಬಗ್ಗಿ ಎಳೆದಳು. ಅಲುಗಲಿಲ್ಲ. "ಸೊಂಟ ಮುರ್ಕೋತೀಯ. ಅದಕ್ಕೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂರು. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಹಿಂದಿನ ಕಂಬಿಗೆ. ಈಗ ಕಾಲಲ್ಲಿ ಎದ್ದೇಳು, ಹಿಂದಕ್ಕೆ ಹೆಜ್ಜೆ ಇಡು." ಮೂರನೆಯ ಸಲ ಬೈಕು ಅವಳ ಬೆನ್ನಿಗೆ ಒರಗಿಕೊಂಡು ಎದ್ದು ನಿಂತಿತು. ಷೋರೂಮಿನಲ್ಲಿ ಹೋದ ಮಾನ ಅರ್ಧ ವಾಪಸು ಬಂದ ಹಾಗಾಯಿತು ಅವಳಿಗೆ.

ಇನ್ನರ್ಧಕ್ಕೆ ಕ್ಲಚ್ಚು ಅಡ್ಡ ನಿಂತಿತ್ತು. ಬಿಟ್ಟರೆ ಬೈಕು ಕಪ್ಪೆಯ ಹಾಗೆ ನೆಗೆದು ಸತ್ತುಹೋಗುತ್ತಿತ್ತು. ಮೇಸ್ತ್ರಿ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತ ಜೋರಾಗಿ ಎಣಿಸುತ್ತಿದ್ದ. "ಹದಿನಾರು... ಹದಿನೇಳು... ಇದು ಚೆನ್ನಾಗಿತ್ತು, ಆದ್ರೂ ಹದಿನೆಂಟು." ಗಿರಣಿಯ ಆಳುಗಳು ಚೀಲ ಹೊರುವುದನ್ನು ಬಿಟ್ಟು ನಿಂತು ನೋಡುತ್ತಿದ್ದರು. ಮೂರು ದಿನ ಇದೇ ಆಯಿತು. ರಾತ್ರಿ ಮಲಗಿದರೆ ಅವಳ ಎಡಗೈ ಹೊದಿಕೆಯನ್ನೇ ಹಿಡಿದು ಬಿಟ್ಟು ಮಾಡುತ್ತಿತ್ತು.

ನಾಲ್ಕನೆಯ ದಿನ ಅಂಗಡಿಯಲ್ಲಿ ಒಂದು ಸೀಟಿನ ಮೂಲೆ ಹೊಲಿಯುತ್ತಿದ್ದಳು. ನಾಲ್ಕು ಪದರ ರೆಕ್ಸಿನ್ ಒಂದರ ಮೇಲೊಂದು ಬರುವ ಜಾಗ. ಅಲ್ಲಿ ಯಂತ್ರದ ಪೆಡಲನ್ನು ಪೂರ್ತಿ ಒತ್ತಿದರೆ ಸೂಜಿ ಮುರಿಯುತ್ತದೆ, ಬಿಟ್ಟರೆ ನಿಂತುಬಿಡುತ್ತದೆ. ಸೂಜಿ ಪದರಕ್ಕೆ ಕಚ್ಚಿಕೊಳ್ಳುವ ಆ ಒಂದು ಬಿಂದುವಿನಲ್ಲಿ ಕಾಲನ್ನು ಹಾಗೇ ಹಿಡಿದು, ಮೆಲ್ಲಗೆ, ಮೆಲ್ಲಗೆ. ಸೀಟಕ್ಕ ಥಟ್ಟನೆ ಯಂತ್ರ ನಿಲ್ಲಿಸಿದಳು. "ಅಯ್ಯೋ, ಇದೇ ಅಲ್ವಾ ಅದು!" ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡಳು. ಬೆಂಚಿನ ಮೇಲಿದ್ದ ಗಿರಾಕಿ ಗಾಬರಿಯಿಂದ ಎದ್ದುನಿಂತ.

ಮರುದಿನ ಬೆಳಿಗ್ಗೆ ಎಡಗೈಯನ್ನು ಕಾಲು ಎಂದುಕೊಂಡು, ಕ್ಲಚ್ಚನ್ನು ನಾಲ್ಕು ಪದರದ ಮೂಲೆ ಎಂದುಕೊಂಡು ಬಿಟ್ಟಳು. ಬೈಕು ಉಸಿರೆಳೆದುಕೊಂಡು ಹೊರಟಿತು. ಮೇಸ್ತ್ರಿ "ಒಂದು" ಎನ್ನಲು ತೆರೆದ ಬಾಯನ್ನು ಹಾಗೇ ಮುಚ್ಚಿದ. ಗಿರಣಿಯ ಆಳುಗಳು ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲಿ ಅವಳು ನಿಲ್ಲಿಸುವುದನ್ನು ಮರೆತು, ತೌಡಿನ ರಾಶಿಯೊಳಗೆ ಹೋಗಿ ಬಿದ್ದಳು. ಹೊರಬಂದಾಗ ಹುಬ್ಬಿನ ಮೇಲೆಲ್ಲ ತೌಡು, ಮುಖದ ತುಂಬ ನಗು. ಬೈಕನ್ನು ಯಾರ ಸಹಾಯವೂ ಇಲ್ಲದೆ ತಾನೇ ಎತ್ತಿದಳು.

ಹೀಗೆ ಎರಡು ತಿಂಗಳು ಕಳೆಯಿತು. ಎಂಟರ ಆಕಾರದಲ್ಲಿ ಓಡಿಸುವ ಪರೀಕ್ಷೆಯಲ್ಲಿ ಕಾಲು ಊರದೆ ಪಾಸಾಗಿ, ಪಕ್ಕಾ ಲೈಸೆನ್ಸು ಕೈಗೆ ಬಂತು. ಅದನ್ನು ಅತ್ತೆ ಇಡೀ ಓಣಿಗೆ ತೋರಿಸಿಕೊಂಡು ಬಂದರು.

ಮನೆಯಲ್ಲಿ ಗಂಡನ ಬಾಯಿಗೆ ಆರು ತಿಂಗಳು ಬೀಗ ಎಂದಿದ್ದರೂ ಅದು ಮೂರೇ ದಿನಕ್ಕೆ ತೆರೆದುಕೊಂಡಿತ್ತು. ಪತ್ರಿಕೆಯಲ್ಲಿ ಯಾವ ಬೈಕಿನ ಚಿತ್ರ ಬಂದರೂ ಅವನು ಒಂದು ತಪ್ಪು ಹುಡುಕುತ್ತಿದ್ದ. ಇದರ ಟಯರು ಸಣ್ಣ. ಅದರದು ವಿಪರೀತ ದಪ್ಪ. ಇದರ ಬ್ರೇಕು ನಂಬೋಹಾಗಿಲ್ಲ. ಅದರ ದೀಪ ಮೆಳ್ಳಗಣ್ಣು. ಮದುವೆ ಬೇಡದ ಹುಡುಗಿಗೆ ನೂರು ಗಂಡು ತೋರಿಸಿದರೂ ಒಬ್ಬನ ಮೂಗು ಉದ್ದ, ಒಬ್ಬನ ಮೂಗು ಗಿಡ್ಡ ಎಂಬಂತೆ. "ಇವರ ಲೆಕ್ಕದಲ್ಲಿ ಆರು ಚಕ್ರ ಇದ್ರೇನೇ ಗಾಡಿ," ಎಂದು ಸೀಟಕ್ಕ ಅತ್ತೆಯ ಬಳಿ ದೂರಿದಳು. ಅತ್ತೆ ಏನೋ ಹೇಳಹೊರಟು ತುಟಿ ಒಳಗೆಳೆದುಕೊಂಡರು. ಅವರಂಥವರು ಮಾತು ನುಂಗಿದ್ದು ಅವಳಿಗೆ ವಿಚಿತ್ರ ಅನ್ನಿಸಿತು, ಆದರೆ ಕೇಳಲಿಲ್ಲ.

ಈಗ ಅವಳಿಗೆ ಹೊಸದೇ ಬೇಕೆಂಬ ಹಟ ಇರಲಿಲ್ಲ. "ಮೊದಲ್ನೇ ಬೈಕಿಗೆ ಗೀರು ಬಿದ್ದೇ ಬೀಳತ್ತೆ. ಆಗಲೇ ಗೀರು ಬಿದ್ದಿರೋದು ತಗೊಂಡ್ರೆ ಹೊಟ್ಟೆ ಉರಿಯಲ್ಲ," ಎಂದು ಮೇಸ್ತ್ರಿ ಹೇಳಿದ್ದು ಸರಿಯೆನಿಸಿತ್ತು. ಮೊದಲು ಅವನ ಜೊತೆ ಒಂದು ಕೆಂಪು ಬೈಕು ನೋಡಿದಳು. ಚೂಪು ಮೂತಿಯ, ಸರಸರ ಓಡುವ ಜಾತಿ. ಅದರ ಮೇಲೆ ಕೂತರೆ ಮುಂದಕ್ಕೆ ಬಗ್ಗಿ ನೆಲಕ್ಕೆ ಬಿದ್ದ ಸೂಜಿ ಹುಡುಕಿದ ಹಾಗೆ. "ದಿನವಿಡೀ ಯಂತ್ರದ ಮುಂದೆ ಬಗ್ಗಿರ್ತೀನಿ, ರಸ್ತೇಲಾದ್ರೂ ಬೆನ್ನು ನೆಟ್ಟಗಿರಲಿ," ಎಂದು ಬಿಟ್ಟುಬಂದಳು.

ಎರಡನೆಯದು ನಿವೃತ್ತ ಅಂಚೆಯಣ್ಣನ ಮನೆಯಲ್ಲಿತ್ತು. ಅವತ್ತು ಮೇಸ್ತ್ರಿಗೆ ಬಿಡುವಿರಲಿಲ್ಲ. ಗಂಡನಿಗೆ ರಜೆ. "ಬನ್ನಿ, ಏನೇನು ತಪ್ಪಿದೆ ಅಂತ ಮುಖಾಮುಖಿ ಹೇಳಿಬಿಡಿ," ಎಂದು ಅವನನ್ನೇ ಎಳೆದುಕೊಂಡು ಹೋದಳು.

ಅಂಚೆಯಣ್ಣ ಮಗಳನ್ನು ಕೊಡುವವರ ಹಾಗೆ ಇಬ್ಬರನ್ನೂ ಕೂರಿಸಿ ವಿಚಾರಣೆ ಶುರು ಮಾಡಿದ. "ಮನೇಲಿ ಎಲ್ಲಿ ನಿಲ್ಲಿಸ್ತೀರಿ? ನೆರಳಿದೆಯಾ? ಸೈಡ್ ಸ್ಟ್ಯಾಂಡಾ, ಡಬಲ್ ಸ್ಟ್ಯಾಂಡಾ? ಬೆಳಿಗ್ಗೆ ಎದ್ದ ತಕ್ಷಣ ಓಡಿಸಿಬಿಡ್ತೀರಾ, ಒಂದು ನಿಮಿಷ ಬೆಚ್ಚಗಾಗೋಕೆ ಬಿಡ್ತೀರಾ?" ಎಲ್ಲದಕ್ಕೂ ಸೀಟಕ್ಕ ವಿಧೇಯಳಾಗಿ ಉತ್ತರಿಸಿದಳು. ಪಾಸಾದಳೆಂದು ಕಾಣುತ್ತದೆ, ಅವನು ಎದ್ದು ಹೋಗಿ ಹೊದಿಕೆ ಸರಿಸಿದ.

ಬೂದು ಬಣ್ಣದ ಸಣ್ಣ ಬೈಕು. ಅದನ್ನು ಯಾರೂ ತಿರುಗಿ ನೋಡುವಂತಿರಲಿಲ್ಲ. ಕಚೇರಿಯ ಮೂಲೆಯಲ್ಲಿ ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಗುಮಾಸ್ತನ ಕಳೆ. ಉದ್ದನೆಯ ಸಪಾಟು ಸೀಟು ನಡುವೆ ಹರಿದಿತ್ತು. ಅದನ್ನು ಅಂಚೆಯಣ್ಣ ತಾನೇ ಟಪಾಲು ಚೀಲದ ದಾರದಲ್ಲಿ ಹೊಲಿದಿದ್ದ. ಆ ಹೊಲಿಗೆ ನೋಡಿ ಸೀಟಕ್ಕನಿಗೆ ಹಲ್ಲು ನೋವು ಬಂದ ಹಾಗಾಯಿತು. ಗಾಜಿನೊಳಗಿನ ಕರಿಯ ಬೈಕು ಒಂದು ಗಳಿಗೆ ಕಣ್ಣ ಮುಂದೆ ಸುಳಿದು, ಸಣ್ಣದೊಂದು ನಿಟ್ಟುಸಿರು ಬಂತು.

ಕೂತಳು. ಎರಡೂ ಪಾದ ಹಿಮ್ಮಡಿಸಹಿತ ನೆಲದ ಮೇಲೆ. ಅಲುಗಾಡಿಸಿ ನೋಡಿದಳು, ಬೈಕು ಹೇಳಿದ ಕಡೆ ಬಂತು. ಕ್ಲಚ್ಚು ಬಟಾಣಿ ಸುಲಿದಷ್ಟು ಸಲೀಸು. "ಒಂದು ಸುತ್ತು ಹೋಗಿ ಬರ್ಲಾ?"

ಓಣಿಯ ತುದಿಯವರೆಗೆ ಹೋಗಿ, ತಿರುಗಿ, ಬೀದಿಯ ಮೇಲೆ ಬಂದಳು. ಒಂದು ಕಾಂಪೌಂಡಿನ ಮೇಲೆ ಬೆಕ್ಕು ಮುಖ ತೊಳೆಯುತ್ತಿತ್ತು. ಅದರ ಒಂದು ಕಿವಿ ಬಿಳಿ, ಇನ್ನೊಂದು ಕಪ್ಪು. ಮುಂದಿನ ಮನೆಯ ಮಹಡಿಯಲ್ಲಿ ಯಾರೋ ಹಾರ್ಮೋನಿಯಂ ಕಲಿಯುತ್ತಿದ್ದರು, ಒಂದೇ ಸ್ವರದಲ್ಲಿ ಸಿಕ್ಕಿಬಿದ್ದಿದ್ದರು. ಇದನ್ನೆಲ್ಲ ನೋಡುತ್ತ ಬರುತ್ತಿದ್ದ ಸೀಟಕ್ಕನಿಗೆ ಥಟ್ಟನೆ ಹೊಳೆಯಿತು, ತಾನು ಇಷ್ಟು ಹೊತ್ತು ಬೈಕಿನ ಬಗ್ಗೆ ಯೋಚಿಸಿಯೇ ಇಲ್ಲ ಎಂದು. ಗೇರು ಯಾವಾಗ ಬದಲಾಯಿತೋ, ಬ್ರೇಕು ಯಾವಾಗ ಒತ್ತಿದಳೋ, ನೆನಪಿಲ್ಲ. ಮೇಸ್ತ್ರಿ ಹೇಳಿದ್ದ ಹಾಗೆ ಕೈಕಾಲುಗಳು ತಾವೇ ಮಾತುಕತೆ ಮುಗಿಸಿಬಿಟ್ಟಿದ್ದವು.

ಅಂಚೆಯಣ್ಣ ಗೇಟಿನಲ್ಲಿ ಕಾಯುತ್ತಿದ್ದ. "ಒಬ್ಬರೇ ಹೋದ್ರೆ ಸಾಲ್ದು. ಹಿಂದೆ ಭಾರ ಕೂರಿಸಿ ನೋಡ್ಬೇಕು. ಯಜಮಾನ್ರೇ, ಹತ್ತಿ."

ಗಂಡ ಎರಡು ಹೆಜ್ಜೆ ಹಿಂದೆ ಸರಿದ. "ನಂಗೆ ಮೊಣಕಾಲು ನೋವು."

"ದಿನಾ ಬಸ್ಸಿನ ಕ್ಲಚ್ಚು ತುಳಿಯೋ ಮೊಣಕಾಲಿಗೆ ನೋವಾ?" ಅಂದಳು ಸೀಟಕ್ಕ.

"ಇವತ್ತೇ ಶುರುವಾಗಿದೆ."

ಅಂಚೆಯಣ್ಣ ಲೋಕ ಕಂಡವನು. "ಕಾಗದಪತ್ರ ತರ್ತೀನಿ," ಎಂದು ಒಳಗೆ ಹೋದ. ಸೀಟಕ್ಕ ಗಂಡನ ಮುಖ ನೋಡಿದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕಿಕ್ಕಿರಿದ ಬಸ್ಸನ್ನು ಇಳಿಜಾರಿನಲ್ಲಿ ಒಂದು ಕೈಯಲ್ಲಿ ತಿರುಗಿಸುವ ಮನುಷ್ಯ ಈ ಗುಮಾಸ್ತನಂಥ ಬೈಕಿನ ಮುಂದೆ ಶಾಲೆಗೆ ತಡವಾಗಿ ಬಂದವನ ಹಾಗೆ ನಿಂತಿದ್ದ.

"ಏನ್ರೀ ಇದು? ನಿಜ ಹೇಳಿ."

"ನಾನು ಎರಡು ಚಕ್ರದ ಮೇಲೆ ಕೂರಲ್ಲ."

"ಕೂರಲ್ಲ ಅಂದ್ರೆ?"

"ಹನ್ನೊಂದನೇ ವಯಸ್ಸಿಂದ ಕೂತಿಲ್ಲ." ಅವನು ಆಚೀಚೆ ನೋಡಿ ದನಿ ಇಳಿಸಿದ. "ಬಾಡಿಗೆ ಸೈಕಲ್ ತಗೊಂಡಿದ್ದೆ. ಇಳಿಜಾರಿತ್ತು. ಬ್ರೇಕು ಎಲ್ಲಿದೆ ಅಂತ ಮರ್ತುಹೋಯ್ತು. ನೇರ ಕ್ಷೌರದಂಗಡಿಗೆ ನುಗ್ಗಿದೆ. ಕುರ್ಚೀಲಿ ಒಬ್ರು ಕೂತಿದ್ರು. ಕತ್ತಿ ಜಾರಿ ಅವರ ಅರ್ಧ ಮೀಸೆ ಹೋಯ್ತು."

ಸೀಟಕ್ಕ ತುಟಿ ಕಚ್ಚಿಕೊಂಡಳು. "ಯಾರದು?"

"ನಮ್ಮ ಹೆಡ್‌ಮಾಸ್ಟರದ್ದು."

ಅವಳಿಗೆ ತಡೆಯಲಾಗಲಿಲ್ಲ. ಬೈಕಿನ ಟ್ಯಾಂಕಿನ ಮೇಲೆ ತಲೆಯಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅವನು ಪಾಪ, ನಗು ಮುಗಿಯುವವರೆಗೆ ನಿಯಮದ ಪ್ರಕಾರ ಕಾದ. ನಗುವಿನ ನಡುವೆಯೇ ಅವಳಿಗೆ ಒಂದೊಂದಾಗಿ ನೆನಪಾಗತೊಡಗಿತು. ಇಪ್ಪತ್ತು ವರ್ಷದಲ್ಲಿ ಯಾರ ಮನೆಗೆ ಹೋದರೂ ಬಸ್ಸು, ಇಲ್ಲವೇ ನಡಿಗೆ. ಅವಳ ತಮ್ಮ ಬೈಕಿನಲ್ಲಿ ಬಿಡುತ್ತೇನೆಂದರೆ "ವಾಯುಸೇವನೆ ಒಳ್ಳೇದು" ಎಂದು ಇವನು ನಡೆದೇ ಬರುತ್ತಿದ್ದ. ಅವಳು ಅದನ್ನು ಶಿಸ್ತು ಎಂದುಕೊಂಡಿದ್ದಳು. ಊರಿನವರ ಗುಟ್ಟನ್ನೆಲ್ಲ ಸೀಟಿನಲ್ಲಿ ಓದುವವಳಿಗೆ ಮನೆಯ ಗುಟ್ಟು ಓದಲು ಸೀಟೇ ಸಿಕ್ಕಿರಲಿಲ್ಲ.

"ಅದಕ್ಕೇ ಎಲ್ಲಾ ಬೈಕಲ್ಲೂ ತಪ್ಪು ಹುಡುಕ್ತಿದ್ರಾ?"

"ಬಸ್ಸು ನಿಲ್ಲಿಸಿದ್ರೆ ನಿಲ್ಲತ್ತೆ. ಇದು ನಿಲ್ಲಿಸಿದ್ರೆ ಬೀಳತ್ತೆ. ನೀನು ಬಿದ್ರೆ ಅಂತ..." ಅವನು ಕಾಲಿನಿಂದ ಮಣ್ಣು ಕೆದಕಿದ. "ಅವತ್ತು ನಿನ್ನ ಇಳಿಸಿದ್ನಲ್ಲ, ಮುಂದಿನ ಮೂರು ಸ್ಟಾಪು ಕನ್ನಡೀಲಿ ನಿನ್ನೇ ಹುಡುಕ್ತಿದ್ದೆ. ಹಾಗೆ ಮಾಡ್ಬಾರದಿತ್ತು."

ಈ ಮಾತಿಗೆ ಅವಳು ಅವತ್ತಿನಿಂದಲೂ ಕಾದಿದ್ದಳು. ಬಂದಾಗ, "ಬೆವರು ಒರೆಸ್ಕೊಳ್ಳಿ," ಎಂದು ಕರವಸ್ತ್ರ ಕೊಟ್ಟಳು. ಆಮೇಲೆ ಹೇಳಿದಳು, "ನಾನು ಈಗಾಗ್ಲೇ ಬಿದ್ದಿದೀನಿ. ಒಂದ್ಸಲ ಹೂಕುಂಡಕ್ಕೆ, ಒಂದ್ಸಲ ತೌಡಿಗೆ. ಬಿದ್ರೆ ಎತ್ತೋದು ಗೊತ್ತು. ಈ ಬೈಕನ್ನಂತೂ ಒಬ್ಬಳೇ ಎತ್ತಬಲ್ಲೆ. ಅದಕ್ಕೇ ಇದು ಸಾಕು ನಂಗೆ."

ಅಂಚೆಯಣ್ಣ ಬೈಕಿನ ತಲೆ ಸವರಿ, ಕಾಗದಪತ್ರಗಳ ಜೊತೆ ಹೊದಿಕೆಯನ್ನೂ ಮಡಿಸಿ ಕೊಟ್ಟ.

ಮನೆಗೆ ಬಂದು ಅತ್ತೆಯನ್ನು ಕೇಳಿದಳು. "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಸೈಕಲ್ಲಿಂದ ಬಿಡಿಸಿ ಎತ್ಕೊಂಡು ಬಂದೋಳು ನಾನೇ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಮೂವತ್ತೆಂಟು ವರ್ಷ ಹೊಟ್ಟೇಲಿಟ್ಕೊಂಡು ಎಷ್ಟು ಕಷ್ಟಪಟ್ಟಿದೀನಿ ನಂಗೊಬ್ಬಳಿಗೇ ಗೊತ್ತು. ಮೀಸೆ ಕಥೆ ಹೇಳಿದ್ನಾ? ಆಮೇಲೆ ಆ ಮಾಸ್ಟರು ಇನ್ನರ್ಧಾನೂ ಬೋಳಿಸ್ಕೊಂಡು ಶಾಲೆಗೆ ಬಂದಾಗ ಮಕ್ಕಳಿಗೆ ಗುರುತೇ ಸಿಕ್ಕಿರಲಿಲ್ಲ."

ಇನ್ನು ಸೀಟು. ಸಾವಿರಾರು ಸೀಟು ಹೊಲಿದವಳಿಗೆ ತನ್ನ ಸೀಟು ಹೊಲಿಯಲು ಆರು ದಿನ ಬೇಕಾಯಿತು. ಬಣ್ಣ ಆರಿಸಲು ಎರಡು ದಿನ. ಕೊನೆಗೆ ಮಾವಿನ ಚಿಗುರಿನಂಥ ಕೆಂಗಂದು, ಬಿಳಿ ದಾರ, ಜೋಡಿ ಸೂಜಿ. ಮುಂದಿನ ಭಾಗ ತನ್ನ ಮೈಗೆ ತಕ್ಕ ಹಾಗೆ. ಹಿಂದಿನ ಭಾಗಕ್ಕೆ ಎರಡೂ ಬದಿ ಅಂಚು ಎತ್ತರಿಸಿ, ಹಿಂದೆ ಸೊಂಟಕ್ಕೆ ಒತ್ತಾಗಿ ಒಂದು ದಿಂಬು, ಕೂತವರು ಎಳ್ಳಷ್ಟೂ ಜಾರದಂತೆ. ಮೇಸ್ತ್ರಿ ಬಂದು ಸುತ್ತಲೂ ನೋಡಿದ.

"ಇದೇನಮ್ಮ, ಬೈಕಾ, ಪಲ್ಲಕ್ಕಿನಾ?"

"ಹೆದರೋರಿಗೆ," ಅಂದಳು ಸೀಟಕ್ಕ. ಯಾರು ಎಂದು ಹೇಳಲಿಲ್ಲ. ಅವಳೂ ಈಗ ಮಾತು ಕೊಟ್ಟವಳು.

ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ ಗಂಡ ಹೆಲ್ಮೆಟ್ಟು ಹಾಕಿಕೊಂಡು ಹೊರಬಂದ. ಬೈಕನ್ನು ಒಂದು ಸುತ್ತು ಹಾಕಿ ಟಯರುಗಳನ್ನು ಒದ್ದು ನೋಡಿದ, ಬಸ್ಸಿಗೆ ಮಾಡುವ ಹಾಗೆ. ಹತ್ತಿದ. ಎರಡೂ ಕೈಯಲ್ಲಿ ಹಿಂದಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬೈಕಿಗೇ ಉಸಿರು ಕಟ್ಟಿರಬೇಕು.

"ಹೊರಡ್ಲಾ?"

"ಇಂಡಿಕೇಟರ್ ಹಾಕು."

ಹೊರಟಳು. "ನಿಧಾನ," ಅಂದ. ವೇಗ ಆಗ ಸೈಕಲ್ಲಿಗಿಂತ ಕಡಿಮೆಯಿತ್ತು. "ಎಡಕ್ಕೆ ನಾಯಿ," ಅಂದ. "ಹಾರ್ನು," ಅಂದ. "ಮುಂದೆ ತಿರುವಿದೆ, ಗೇರು ಇಳಿಸು."

"ರೀ, ಕಣ್ಣು ಮುಚ್ಚಿದೀರ ತಾನೇ?"

"ಮುಚ್ಚಿದೀನಿ. ಈ ರಸ್ತೆ ನಂಗೆ ಬಾಯಿಪಾಠ."

ಕೆರೆಯ ಬಳಿ ಗಾಳಿ ತಣ್ಣಗೆ ಬಂತು. ಹಿಂದಿನಿಂದ ಒಂದು ಕೈ ಕಂಬಿ ಬಿಟ್ಟು ಅವಳ ಹೆಗಲಿಗೆ ಬಂತು. "ಇಲ್ಲಿಂದ ನೀರು ಕಾಣತ್ತಾ?" ಎಂದ ದನಿ ಬೇರೆಯೇ ಆಗಿತ್ತು. "ಬಸ್ಸಿಂದ ನನಗೆ ಬರೀ ಎದುರಿಗೆ ಬರೋ ಲಾರಿ ಕಾಣೋದು."

ವಾಪಸು ಬಂದಾಗ ಗೇಟಿನಲ್ಲಿ ಅತ್ತೆ ನಿಂತಿದ್ದರು. ತಲೆಗೆ ಹೆಲ್ಮೆಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದು, ಕೈಚೀಲ ಕಂಕುಳಲ್ಲಿ. ಅರ್ಧ ಗಂಟೆಯಿಂದ ಹಾಗೇ ನಿಂತಿದ್ದರಂತೆ.

"ಇಳಿಯೋ."

"ಇನ್ನೊಂದು ಸುತ್ತು ಹೋಗಿ ಬರ್ತೀವಮ್ಮಾ."

"ಮೊದಲ ದಿನಾನೇ ಹೇಳಿದ್ದೆ, ಆ ಸೀಟು ನಂದು."

"ಈ ಸೀಟು ನನಗೋಸ್ಕರ ಹೊಲ್ದಿರೋದು. ಬೇಕಾದ್ರೆ ಅವಳನ್ನೇ ಕೇಳು."

"ಹೆದರುಪುಕ್ಕಲನಿಗೆ ಇಷ್ಟು ಬೇಗ ರುಚಿ ಹತ್ತಿತಾ? ಇಳಿಯೋ ಅಂದ್ರೆ!"

ಅಮ್ಮನ ಹೆಲ್ಮೆಟ್ಟಿನ ಪಟ್ಟಿ ತಿರುಚಿಕೊಂಡಿದೆ, ಹೀಗೆ ಹಾಕಿಕೊಂಡರೆ ನಿಯಮವಲ್ಲ ಎಂದು ತೋರಿಸಲು ಗಂಡ ಇಳಿದ. ಅತ್ತೆ ಅವನ ಕೈ ತಳ್ಳಿದರು. ಅವನು ನಿಯಮ ವಿವರಿಸತೊಡಗಿದ. ಅವರು ಮೀಸೆಯ ಕಥೆ ಎತ್ತಿದರು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

ಸೀಟಕ್ಕ ಬೈಕಿನ ಮೇಲೇ ಕೂತು ಇಬ್ಬರನ್ನೂ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅಂಗಡಿಗೆ ರಜೆ. ತರಬೇಕಾದ ಫೋಮಿಲ್ಲ, ಕೊಡಬೇಕಾದ ಸೀಟಿಲ್ಲ. ಮೆಲ್ಲಗೆ ಕ್ಲಚ್ಚು ಬಿಟ್ಟಳು. ಬೈಕು ಸದ್ದೇ ಮಾಡದ ಹಾಗೆ ಜಾರಿತು. ಓಣಿಯ ತುದಿಯಲ್ಲಿ ಎರಡನೆಯ ಗೇರು, ದೊಡ್ಡ ರಸ್ತೆಯಲ್ಲಿ ಮೂರನೆಯದು. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ, ಅದಕ್ಕೇ ಎಲ್ಲಿ ತಿರುವು ಚೆನ್ನಾಗಿ ಕಂಡಿತೋ ಅಲ್ಲಿ ತಿರುಗಿದಳು. ಹೆಲ್ಮೆಟ್ಟಿನೊಳಗೆ ತಾನು ಹಾಡುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಗಾಜು ಇಳಿಸಿ ನೋಡಿದಾಗಲೇ. ಹಸಿರು ದೀಪ ಬಂತು. ಕಾರಿನವರಿಗಿಂತ ಮೊದಲು ಹೊರಟಳು.